ಜವರನ ಕೆಸರು ಎಲ್ಲಿಗೆ ಹೋಗುತ್ತದೆ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚೆಟ್ಟಳ್ಳಿ ಕಡೆಯ ಎಸ್ಟೇಟೊಂದರ ಕೂಲಿಗಳ ಲೈನುಮನೆಗಳ ಹಿಂದೆ ಜವರ ನೆಲಕ್ಕೆ ಕಿವಿಯಿಟ್ಟು ಮಲಗಿದ್ದಾನೆ. ಕಿವಿಯ ಕೆಳಗೆ ಹೊಸದಾಗಿ ಕೊರೆಯುತ್ತಿರುವ ಗೇಣಗಲದ ಕೊಳವೆ ಬಾವಿ, ತೊಂಬತ್ತು ಅಡಿ ಆಳ. ನಿನ್ನೆ ಸಂಜೆ ಬಾಯಿಮಟ್ಟ ತುಂಬಿಸಿದ ಕೆಸರು ಕಾಣೆಯಾಗಿದೆ. ಒಳಗಿನಿಂದ ತಣ್ಣನೆಯ ಗಾಳಿ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಅವನ ಕೆಲಸ ನೋಡಿ ಬರೆಯಲು ಬಂದ ನಾನೂ ಕಿವಿಯಿಡುತ್ತೇನೆ.

"ಉಸುರಾಡ್ತಾ ಅದೆ ಸಾಮಿ," ಎನ್ನುತ್ತಾನೆ ಜವರ. "ಕೆಳಗೆಲ್ಲೋ ಸೀಳು ಬಿಟ್ಟದೆ."

ಸ್ವಾತಂತ್ರ್ಯ ಬಂದ ಮೇಲಿನ ಈ ಪುಟ್ಟ ಕೊಡಗು ರಾಜ್ಯದ ಮಂತ್ರಿಗಳು ಸೇತುವೆ ಕಟ್ಟಿದವರಿಗೆ ಹಾರ ಹಾಕುತ್ತಾರೆ. ಕೊರೆದ ಬಾವಿಯ ಗೋಡೆ ಕುಸಿಯದಂತೆ ಕಾಯುವವನನ್ನು ಕೇಳುವವರಿಲ್ಲ. ಕುಶಾಲನಗರದ ಬಳಿಯ ಈ ನಲವತ್ತರ ಆಸಾಮಿ ದಿನಕ್ಕೆ ಅರವತ್ತು ಕೊಡ ಜೇಡಿ ತುಳಿದು ಕೆಸರು ಮಾಡಿ ಕೊಳವೆಗೆ ತುಂಬುತ್ತಾನೆ. ಕಬ್ಬಿಣದ ಪೈಪು ಇಳಿಸುವ ತನಕ ಗೋಡೆಯನ್ನು ಒತ್ತಿ ಹಿಡಿಯುವುದು ಆ ಕೆಸರಿನ ಭಾರವೇ. ಈ ವಾರವೆಲ್ಲ ಅವನು ಸುರಿದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿದೆ. ಗೋಡೆ ಕುಸಿದರೆ ಲೈನಿನ ಮೂವತ್ತೆರಡು ಮನೆಗಳಿಗೆ ಮತ್ತೆ ಹೊಂಡದ ನೀರೇ ಗತಿ. ಹೋದ ಮಳೆಗಾಲ ಆ ನೀರು ತಂದ ಭೇದಿಗೆ ಇಬ್ಬರು ಸತ್ತಿದ್ದಾರೆ.

ಕೆಸರಿನ ಸುಳಿವು ಸಿಗುವುದು ಲೈನಿನ ಬೊಳ್ಳಮ್ಮನಿಗೆ. ಕಾಫಿ ಹಣ್ಣು ಕೀಳುವ ಪಿಕಿಂಗಿಗೆ ಮುಂಚೆ ನೀರಿಗೆ ಹೊರಟವಳು ಇಳಿಜಾರಿನ ತಗ್ಗಿನಿಂದ ಕೂಗುತ್ತಾಳೆ: "ಜವರಣ್ಣ, ಮುಚ್ಚಿದ ಬಾವೀಲಿ ನಿನ್ನ ಕೆಸರು ಉಕ್ತಾ ಉಂಟು!"

ಜವರ ಓಡುವುದಿಲ್ಲ. ನಿಧಾನವಾಗಿ ಹೋಗಿ ಅಲ್ಲಿ ಕೂರುತ್ತಾನೆ. ಆರು ವರ್ಷದ ಹಿಂದೆ, ಇದೇ ಲೈನಿಗೆ ನೀರು ತೆಗೆಯಲು ಇಳಿದ ಅವನ ಅಣ್ಣ ಮಾರನ ಮೇಲೆ ಆ ಬಾವಿ ಕುಸಿಯಿತು. ಹೆಣ ಸಿಗಲಿಲ್ಲ; ಮಣ್ಣು ಮುಚ್ಚಿದರು.

"ಮೂರು ದಿನ ಒಳಗಿಂದ ತಟ್ತಿದ್ದ ಸಾಮಿ. ನಂಗೊಬ್ಬನಿಗೇ ಕೇಳ್ತಿತ್ತು, ಯಾರೂ ನಂಬ್ನಿಲ್ಲ. ಆಮೇಲೇ ಈ ಕೆಲ್ಸ ಕಲ್ತೆ."

ಆ ಬಾವಿಗೆ ತೆರೆದಿರುವ ಸೀಳಿಗೆ ಅವನ ಮದ್ದು ಒಣ ಕಾಫಿ ಹೊಟ್ಟು. ಕೆಸರಿನೊಡನೆ ಹರಿದು, ಸೀಳಿನಲ್ಲಿ ಸಿಕ್ಕಿ, ಉಬ್ಬಿ ಬಾಯಿ ಕಟ್ಟುತ್ತದೆ. ಆದರೆ ಇಂದು ಕೊಳವೆಯ ಬಳಿಗೆ ಮರಳಿ ಬುಟ್ಟಿ ಎತ್ತಿದ ಕೈ ಗಾಳಿಯಲ್ಲೇ ನಿಲ್ಲುತ್ತದೆ.

"ಇದನ್ನ ಸುರುದ್ರೆ ಅಣ್ಣನ ಉಸುರು ನಾನೇ ಕಟ್ದಂಗಲ್ವಾ?"

ಹಿಂದೆಯೇ ಬಂದ ಬೊಳ್ಳಮ್ಮ ಖಾಲಿ ಕೊಡ ಸೊಂಟದಲ್ಲಿಟ್ಟು ನಿಂತಿದ್ದಾಳೆ. ಜವರ ಆ ಕೊಡವನ್ನು ನೋಡುತ್ತಾನೆ. ಸುರಿಯುತ್ತಾನೆ.

ಏಳನೇ ಬುಟ್ಟಿಗೆ ಕೆಸರು ಬಾಯಿಮಟ್ಟಕ್ಕೆ ಬಂದು ನಿಲ್ಲುತ್ತದೆ. ಗಾಳಿಯೂ ನಿಲ್ಲುತ್ತದೆ. ಆಗ ತಗ್ಗಿನ ಕಡೆಯಿಂದ, ನೆಲದೊಳಗಿಂದ, ಮೂರು ಸಲ ತಟ್ಟಿದ ಸದ್ದು. ನಾನು ಜವರನ ಮುಖ ನೋಡುತ್ತೇನೆ.

"ನಿಮ್ಗೂ ಕೇಳ್ತಾ?" ಎನ್ನುತ್ತಾನೆ. ನಾನು ಹೌದೆಂದು ತಲೆಯಾಡಿಸುತ್ತೇನೆ. ಆರು ವರ್ಷದ ಭಾರ ಇಳಿದವನಂತೆ ಅಲ್ಲೇ ಕುಕ್ಕರಿಸುತ್ತಾನೆ.

ಏನು ಬೇಕು ನಿನಗೆ ಎಂದು ಕೇಳಿದರೆ ಜವರ ಸಂಬಳದ ಮಾತೆತ್ತುವುದಿಲ್ಲ.

"ನೀರು ಬಂದ್ರೆ ಮೊದಲ್ನೇ ಕೊಡ ಅಣ್ಣನ ಬಾವಿಗೆ ಸುರೀಬೇಕು ಸಾಮಿ. ಎಲ್ರಿಗೂ ನೀರು ಕೊಡ್ತೀನಿ ಅಂತ ಇಳುದೋನು, ಒಂದ್ ಗುಟುಕೂ ಕುಡೀನಿಲ್ಲ."