ನಾನು ತುಂಬದ ಕಾಲಂ

ನನ್ನ ಎಡಗಿವಿ ಕೇಳುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತು. ಚಿಕ್ಕವರಿದ್ದಾಗ ಆ ಕಡೆ ಕೂತು ಗುಟ್ಟು ಹೇಳಿ, ನಾನು ತಿರುಗದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ. ಆದರೆ ಪೆನ್ಶನ್ ಆಗುವ ತನಕ ಈ ಸಂಗತಿಯನ್ನು ಹೊರಗಿನವರಲ್ಲಿ ಒಬ್ಬರಿಗೂ ನಾನು ಹೇಳಿರಲಿಲ್ಲ. ಯಾಕೆ ಎಂದು ಇಲ್ಲಿ ಬರೆಯುತ್ತೇನೆ. ಬಾಯಿಂದ ಹೇಳಲು ನನಗೆ ಈಗಲೂ ಆಗುವುದಿಲ್ಲ.

ನಿಮ್ಮ ಅಜ್ಜ ಶಿಗ್ಗಾಂವದ ಒಂದು ಸರಕಾರಿ ಕಚೇರಿಯಲ್ಲಿ ಜೀಪು ನಡೆಸುತ್ತಿದ್ದರು. ಜ್ವರ ಬಂದು ಎಂಟೇ ದಿನದಲ್ಲಿ ತೀರಿಕೊಂಡರು. ಆಗ ನನ್ನ ಮಗನಿಗೆ ಆರು ವರ್ಷ, ಮಗಳಿಗೆ ನಾಲ್ಕು. ಹಾನಗಲ್ಲ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ನಾನು ಏಳನೆಯ ಇಯತ್ತೆ ಮುಗಿಸಿದ್ದೆ. ಅದನ್ನು ನೋಡಿ ಅದೇ ಕಚೇರಿಯಲ್ಲಿ ನನಗೆ ಸಿಪಾಯಿಯ ಕೆಲಸ ಕೊಟ್ಟರು. ಫೈಲು ಒಯ್ಯಬೇಕು, ಚಹಾ ಕೊಡಬೇಕು, ಸಾಹೇಬರು ಗಂಟೆ ಬಾರಿಸಿದರೆ ಒಳಗೆ ಹೋಗಬೇಕು.

ಕೆಲಸಕ್ಕೆ ಸೇರುವ ಮೊದಲು ಸವಣೂರಿನಲ್ಲಿ ಡಾಕ್ಟರರ ಮುಂದೆ ನಿಲ್ಲಬೇಕಾಯಿತು. ಅವರು ತಲೆ ಎತ್ತದೆ ಬರೆಯುತ್ತ ಕೇಳಿದರು, "ಕಣ್ಣು ಕಾಣಸ್ತಾವು? ಕಿವಿ ಕೇಳಸ್ತಾವು?"

"ಹೂಂ ರೀ" ಅಂದೆ.

ಅವರು ಪರೀಕ್ಷೆ ಮಾಡಲಿಲ್ಲ, ನಾನು ಬಾಯಿ ಬಿಡಲಿಲ್ಲ. ಸಣ್ಣವಳಿದ್ದಾಗ ಕಿವಿ ಸೋರಿ ಸೋರಿ ಆ ಕಡೆ ಪೂರ್ತಿ ಮುಚ್ಚಿಹೋಗಿತ್ತು. ಸುಳ್ಳು ಹೇಳಿ ನೌಕರಿ ಹಿಡಿದವಳು ಎಂದು ಗೊತ್ತಾದರೆ ಮನೆಗೆ ಕಳಿಸುತ್ತಾರೆ, ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಎಂಬ ಹೆದರಿಕೆ ವಾಪಸು ಬರುವಾಗ ಬಸ್ಸಿನಲ್ಲೇ ಹತ್ತಿಕೊಂಡಿತು. ಅದು ಮತ್ತೆ ಇಳಿಯಲಿಲ್ಲ.

ಪಡಸಾಲೆಯಲ್ಲಿ ನನ್ನ ಸ್ಟೂಲನ್ನು ಎಡಗಡೆಯ ಗೋಡೆಗೆ ಹಚ್ಚಿ ಇಟ್ಟುಕೊಂಡೆ. ಆಗ ಸಾಹೇಬರ ಬಾಗಿಲು ಬಲಗಿವಿಗೆ ಬರುತ್ತಿತ್ತು. ಗೋಡೆ ನನ್ನನ್ನು ಕರೆಯುವುದಿಲ್ಲವಲ್ಲ! ಊಟದ ಹೊತ್ತಿಗೆ ಹೆಂಗಸರು ದುಂಡಗೆ ಕೂಡುತ್ತಿದ್ದರು. ದುಂಡಗೆ ಕೂತರೆ ಮಾತು ಎರಡೂ ಕಡೆಯಿಂದ ಬರುತ್ತದೆ. ಅದಕ್ಕೇ ನಾನು ಹಿತ್ತಲ ಮೆಟ್ಟಿಲ ಮೇಲೆ ಒಬ್ಬಳೇ ಕೂತು ರೊಟ್ಟಿ ತಿನ್ನುತ್ತಿದ್ದೆ. ಮೊದಮೊದಲು ಕರೆದರು. ಆಮೇಲೆ ಬಿಟ್ಟರು.

"ಭಾಳ ಸೊಕ್ಕು ನೋಡವ್ವಾ ಈಕಿಗೆ. ಮೂರು ಸಲ ಕರದ್ರೂ ಹೊಳ್ಳಿ ನೋಡಂಗಿಲ್ಲ."

"ಗಂಡ ಜೀಪು ಹೊಡೀತಿದ್ದ. ಈಕಿ ನೋಡಿದ್ರ ಜೀಪಿನ್ಯಾಗ ಕುಂತು ಬಂದಾಕಿ ಹಂಗ ಮಾಡ್ತಾಳ."

ಇದನ್ನು ನನ್ನ ಬಲಗಡೆ ನಿಂತು ಅಂದರು. ಹಾಗಾಗಿ ಕೇಳಿಸಿತು.

ಹೀಗೆ ಐದಾರು ವರ್ಷ ಕಳೆದವು. ಎಂಬತ್ತರ ಈಚೆಗೆ ಒಂದು ದಿನ ಜಿಲ್ಲಾ ಕಚೇರಿಯಿಂದ, ಅಂದರೆ ಧಾರವಾಡದಿಂದ, ಒಂದು ನಮೂನೆ ಬಂತು. ನೌಕರರ ಮಾತೃಭಾಷೆ, ಧರ್ಮ, ಜಾತಿ, ಅಂಗವಿಕಲತೆ ಇದೆಯೇ, ವಿಧವೆಯೋ ವಿಧುರರೋ, ಇಷ್ಟು ಕಾಲಂ. ಯಾವ ಯಾವ ತರಹದ ಜನ ಕೆಲಸದಲ್ಲಿ ಇದ್ದಾರೆಂದು ಸರಕಾರಕ್ಕೆ ತಿಳಿಯಬೇಕಾಗಿತ್ತು. ಇಷ್ಟವಿದ್ದವರು ಮಾತ್ರ ತುಂಬಬಹುದು ಎಂದು ಮೇಲೆಯೇ ಬರೆದಿತ್ತು.

ನಮ್ಮ ಹೆಡ್ ಕ್ಲಾರ್ಕರು ಅದನ್ನು ಓದಿ, "ಇಷ್ಟ ಇದ್ರ ಅಂದ್ರೇನು? ಸರಕಾರ ಕೇಳಿದ ಮ್ಯಾಲೆ ಇಷ್ಟ ಇರಬೇಕು" ಅಂದರು. ಬಂದದ್ದು ಒಂದೇ ಪ್ರತಿ. ಅವರು ದೊಡ್ಡ ಹಾಳೆಯ ಮೇಲೆ ಗೆರೆ ಹೊಡೆದು, ಹದಿನಾಲ್ಕು ಮಂದಿಯ ಹೆಸರು ಬರೆದು, ಮೊದಲ ಸಾಲಿನಲ್ಲಿ ತಮ್ಮದನ್ನು ತುಂಬಿ ನನ್ನ ಕೈಗೆ ಕೊಟ್ಟರು. ಯಾವ ಸುತ್ತೋಲೆ ಬಂದರೂ ನಮ್ಮಲ್ಲಿ ಇದೇ ಪದ್ಧತಿ. ನಾನು ಮೇಜಿನಿಂದ ಮೇಜಿಗೆ ಒಯ್ಯಬೇಕು, ಅವರು ಸಹಿ ಮಾಡಬೇಕು.

ಎರಡನೆಯವರು ಅವಸರದಲ್ಲಿದ್ದರು. ಎಲ್ಲ ಕಾಲಮ್ಮಿಗೂ "ಮೇಲಿನಂತೆ" ಎಂದು ಬರೆದರು. ಮೂರನೆಯವರೂ ಹಾಗೆಯೇ. ಮನೆಯಲ್ಲಿ ಉರ್ದು ಆಡುವ ಸವಣೂರಿನ ಟೈಪಿಸ್ಟ್ ಹುಡುಗಿ ಹಾಳೆಯನ್ನು ಒಮ್ಮೆ ನೋಡಿದಳು, ಹೆಡ್ ಕ್ಲಾರ್ಕರನ್ನು ಒಮ್ಮೆ ನೋಡಿದಳು, "ಮೇಲಿನಂತೆ" ಎಂದು ಬರೆದಳು. ಲಂಬಾಣಿ ತಾಂಡಾದಿಂದ ಬರುವ ಹೊಸ ಡ್ರೈವರನೂ ಅದನ್ನೇ ಬರೆದ. ಒಂದು ಕಾಲು ಎಳೆದು ನಡೆಯುವ ಗೇಟಿನ ಕಾವಲುಗಾರರಿಗೆ ಅಕ್ಷರ ಬರುತ್ತಿರಲಿಲ್ಲ. ಅವರ ಸಾಲನ್ನು ಹೆಡ್ ಕ್ಲಾರ್ಕರೇ ತುಂಬಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಕೊನೆಗೆ ನನ್ನದು. ಅಂಗವಿಕಲತೆಯ ಕೆಳಗೆ ಹದಿಮೂರು ಮಂದಿಯ "ಇಲ್ಲ" ಇತ್ತು. ಅದರ ಹಿಂದೆ ಅಡಗಿ ನಿಂತೆ. ನಾನೂ "ಮೇಲಿನಂತೆ" ಎಂದು ಬರೆದೆ.

ಸಂಜೆ ರೊಟ್ಟಿ ಬಡಿಯುವಾಗ ವಿಧವೆಯೋ ವಿಧುರರೋ ಎಂಬ ಕೊನೆಯ ಕಾಲಂ ನೆನಪಾಯಿತು. ಕೈ ಹಾಗೆಯೇ ನಿಂತಿತು. ಹೆಂಡತಿ ಬದುಕಿದ್ದುದರಿಂದ ಹೆಡ್ ಕ್ಲಾರ್ಕರು "ಇಲ್ಲ" ಎಂದು ಬರೆದಿದ್ದರು. ಅದರ ಕೆಳಗೆ ನಾನು, ನನ್ನ ಕೈಯಾರೆ, ನಿಮ್ಮ ಅಜ್ಜ ಇದ್ದಾರೆ ಎಂದು ಬರೆದುಬಿಟ್ಟಿದ್ದೆ. ತಿದ್ದಿಸಲು ನಾನು ಹೋಗಲಿಲ್ಲ. ಧೈರ್ಯ ಇರಲಿಲ್ಲ ಎಂಬುದು ಒಂದು. ಇನ್ನೊಂದು, ಆ ಹಾಳೆ ಧಾರವಾಡದಲ್ಲಿ ಇದ್ದಷ್ಟು ದಿನ ಎಲ್ಲೋ ಒಂದು ಕಡೆ ಅವರು ಇದ್ದಾರೆ ಅನ್ನಿಸುತ್ತಿತ್ತು. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಹಾಳೆ ವಾಪಸು ಬಂತು. ಸಾಹೇಬರು ಎಲ್ಲರನ್ನೂ ಒಳಗೆ ಕರೆದು ನಗುತ್ತ ಕೇಳಿದರು, "ಹದಿನಾಲ್ಕು ಮಂದೀದೂ ಒಂದ ಜಾತಿ, ಒಂದ ಭಾಷಾ. ಎಲ್ಲಾರೂ ಒಬ್ಬಾಕಿ ಹೊಟ್ಟ್ಯಾಗ ಹುಟ್ಟೀರೇನ್ರಿ?"

"ಹಂಗಿದ್ರ ನಾ ಎಲ್ಲಾರಿಗೂ ದೊಡ್ಡಣ್ಣ ಆದ್ನಿ ಬಿಡ್ರಿ ಸಾಹೇಬ್ರ" ಅಂದರು ಹೆಡ್ ಕ್ಲಾರ್ಕರು.

ಈ ಸಲ ಒಬ್ಬೊಬ್ಬರಿಗೆ ಒಂದೊಂದು ಹಾಳೆ, ಒಂದೊಂದು ಲಕೋಟೆ. ಅಂಟಿಸಿ ಕೊಡಬೇಕು, ಇಲ್ಲಿ ಯಾರೂ ಒಡೆಯಬಾರದು, ಮನಸ್ಸಿಲ್ಲದವರು ಖಾಲಿ ಬಿಡಬಹುದು ಎಂದು ಸಾಹೇಬರು ಹೇಳಿದರು. ಹಳೆಯ ಕಾಗದ ಮಡಿಚಿ, ಮೈದಾ ಅಂಟು ಕುದಿಸಿ, ಲಕೋಟೆ ಮಾಡಿದವಳು ನಾನೇ.

ಮರುದಿನ ಮಧ್ಯಾಹ್ನ ನಾನು ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದ್ದೆ. ಕಾವಲುಗಾರರು ಹಾಳೆ ಹಿಡಿದುಕೊಂಡು ಬಂದರು. ಅವರು ಹಿರೇಕೆರೂರ ತಾಲೂಕಿನ ಮಾಸೂರಿನವರು, ನನಗಿಂತ ಹದಿನೈದು ಇಪ್ಪತ್ತು ವರ್ಷ ಹಿರಿಯರು. ಎಡಗಡೆ ಜಾಗ ಖಾಲಿ ಇದ್ದರೂ ಕಾಲೆಳೆಯುತ್ತ ಸುತ್ತು ಹಾಕಿ ಬಂದು ಬಲಗಡೆ ಕೂತರು.

"ಅಕ್ಕಾರ, ನಂದಷ್ಟು ತುಂಬಿ ಕೊಡ್ರಿ. ಧರ್ಮದಾಗ ಬೌದ್ಧ ಅಂತ ಬರೀರಿ. ನಮ್ಮಪ್ಪನ ಕಾಲಕ್ಕ ಆಗೇವಿ. ಇಲ್ಲೆ ಯಾರಿಗೂ ಹೇಳಿಲ್ಲ."

"ಕಾಲಿಂದು?"

"ಅದನ್ನೂ ಬರೀರಿ. ಬರೀಲಿಲ್ಲಂದ್ರ ನೆಟ್ಟಗ ನಡೀತೇನೇನು? ಗಾಡಿ ಗಾಲಿ ಹಾದು ಹೋಗೇತಿ ಇದರ ಮ್ಯಾಲೆ."

ನಗು ಬಂತು. ಆ ಮೆಟ್ಟಿಲ ಮೇಲೆ ಇನ್ನೊಬ್ಬರ ಜೊತೆ ನಾನು ನಕ್ಕಿದ್ದು ಅದೇ ಮೊದಲು. ಹಾಳೆ ಮಡಿಚಿ ಕೊಟ್ಟೆ. ಅವರು ಏಳಲಿಲ್ಲ.

"ನಿಮ್ದೂ ಬರೀರಿ ಅಕ್ಕಾರ."

"ನಂದೇನೈತಿ?"

"ಎಡಗಿವಿ. ನೀವು ಬಂದಾಗಿಂದ ಗೇಟಿನ್ಯಾಗ ನಿಂತು ನೋಡಾಕತ್ತೇನಿ. ಆ ಕಡಿಂದ ಗಾಡಿ ಬಂದ್ರ ನಿಮಗ ಗೊತ್ತಾಗಂಗಿಲ್ಲ. ಅದಕ್ಕ ನಾ ಬಂದು ಅಡ್ಡ ನಿಲ್ತೇನಿ. ಮಂದಿ ಸೊಕ್ಕು ಅಂತಾರ. ಸೊಕ್ಕಲ್ಲ ಅಂತ ನನಗ ಗೊತ್ತೈತಿ."

ಇಷ್ಟು ವರ್ಷದಲ್ಲಿ ನನ್ನನ್ನು ಒಬ್ಬರು ಸರಿಯಾಗಿ ನೋಡಿದ್ದರು. ನನಗೆ ಅಳು ಬರಬೇಕಿತ್ತು. ಬಂದದ್ದು ಹೆದರಿಕೆ. ಇವರಿಗೆ ಗೊತ್ತು ಅಂದರೆ ನಾಳೆ ಎಲ್ಲರಿಗೂ ಗೊತ್ತು, ನಾಡಿದ್ದು ಸವಣೂರಿನ ಡಾಕ್ಟರರ ಸರ್ಟಿಫಿಕೇಟು ತೆಗೆಸುತ್ತಾರೆ.

"ಏನೇನರ ಮಾತಾಡಬ್ಯಾಡ್ರಿ" ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. "ನನ್ನ ಕಿವಿ ಚಲೋ ಅದಾವು. ಡಾಕ್ಟ್ರು ನೋಡ್ಯಾರ. ನಿಮ್ಮ ಕೆಲಸ ನೀವು ನೋಡ್ಕೋರಿ."

ಅವರು ಹಾಳೆಯನ್ನು ಕಿಸೆಯಲ್ಲಿ ಇಟ್ಟುಕೊಂಡರು. "ತಪ್ಪಾತ್ರಿ ಅಕ್ಕಾರ" ಎಂದು ಎದ್ದು ಹೋದರು.

ಆ ಮಧ್ಯಾಹ್ನ ನನ್ನ ಹಾಳೆ ತುಂಬಿದೆ. ವಿಧವೆಯ ಕಾಲಮ್ಮಿನಲ್ಲಿ "ಹೌದು" ಎಂದು ಬರೆಯುವಾಗ ಪೆನ್ನು ಒತ್ತಿ ಕಾಗದಕ್ಕೆ ತೂತು ಬಿತ್ತು. ನಡುವೆ ಬಿಟ್ಟಿದ್ದ ಅಂಗವಿಕಲತೆಯ ಕಾಲಮ್ಮಿಗೆ ಬಂದೆ. ಅವರು ಗೊತ್ತಿದೆ ಎಂದು ಹೇಳಿದ ಮೇಲೆ "ಇಲ್ಲ" ಎಂದು ಬರೆಯಲು ಕೈ ಬರಲಿಲ್ಲ. "ಹೌದು" ಎಂದೂ ಬರಲಿಲ್ಲ. ಖಾಲಿ ಬಿಟ್ಟು ಲಕೋಟೆ ಅಂಟಿಸಿದೆ.

ಯಾರೂ ಏನೂ ಕೇಳಲಿಲ್ಲ. ಕೆಲವು ತಿಂಗಳ ಮೇಲೆ ಕಾವಲುಗಾರರಿಗೆ ಕೂತು ಮಾಡುವ ಕೆಲಸ ಕೊಡಬೇಕೆಂದು ಧಾರವಾಡದಿಂದ ಆದೇಶ ಬಂತು. ಅವರನ್ನು ರೆಕಾರ್ಡ್ ರೂಮಿನ ಬಾಗಿಲಲ್ಲಿ ಕೂಡಿಸಿದರು. ನಿಜ ಬರೆದವರನ್ನು ಮನೆಗೆ ಕಳಿಸುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಿದೆ. ಆದರೆ ಅವರು ಸುಳ್ಳು ಹೇಳಿ ಸೇರಿದವರಲ್ಲ, ನಾನು ಸವಣೂರಿನಲ್ಲಿ "ಹೂಂ" ಅಂದವಳು. ಆ ಕಡೆ ಹಾದು ಹೋಗುವಾಗ ಅವರು, "ಆರಾಮ ಅದೀರಿ?" ಎಂದಷ್ಟೇ ಕೇಳುತ್ತಿದ್ದರು. ಮತ್ತೆ ಮೆಟ್ಟಿಲ ಕಡೆ ಬರಲಿಲ್ಲ.

ಆರು ವರ್ಷಕ್ಕೆ ಅವರ ನೌಕರಿ ಮುಗಿಯಿತು. ಬೀಳ್ಕೊಡುವ ದಿನ ನಾನು ಎಲ್ಲರಿಗೂ ಚಹಾ ಕೊಡುತ್ತಿದ್ದೆ. ಅವರು ಎರಡೂ ಕೈಯಿಂದ ಕಪ್ಪು ತೆಗೆದುಕೊಂಡು, ನಾನು ಈಗಲಾದರೂ ಏನಾದರೂ ಹೇಳುತ್ತೇನೇನೋ ಎಂಬಂತೆ ತಡೆದರು.

"ಬರ್ತೇನ್ರಿ ಅಕ್ಕಾರ. ಹುಷಾರಾಗಿರ್ರಿ."

ತಲೆ ಅಲ್ಲಾಡಿಸಿದೆ. ಟ್ರೇಯಲ್ಲಿ ಇನ್ನೂ ಏಳು ಕಪ್ಪು ಇದ್ದವು. ನಾನು ಮುಂದಿನವರ ಕಡೆ ಹೋದೆ.