ಗೋಲಿನ ಮುಂದಿನ ಮಣ್ಣು

ಮಂಜು ಕವಿದ ಶನಿವಾರ, ಯಾವ ದೊಡ್ಡ ಲೀಗಿಗೂ ಸೇರದ ಯಾರ್ಕ್‌ಶೈರಿನ ಹಳ್ಳಿ ತಂಡದ ಆಟ ನೋಡಲು ಬಂದ ಬೇಸಿಲ್, ಆಟಕ್ಕೆ ಮುಂಚೆ ತನ್ನತ್ತ ಉರುಳಿದ ಚೆಂಡನ್ನು ಜಂಬದಿಂದ ಒದೆಯಲು ಹೋಗಿ ಗೋಲಿನೆದುರೇ ಅಂಗಾತ ಬಿದ್ದ. ಮೈದಾನ ನೋಡಿಕೊಳ್ಳುವ ಮುದುಕ ವಿಲ್ಫ್ ಓಡಿಬಂದ. ಎಬ್ಬಿಸಲಿಕ್ಕಲ್ಲ, ಬ್ರಷ್ಷಿನಿಂದ ಕೋಟಿನ ಮಣ್ಣನ್ನು ಅಲ್ಲೇ ಉದುರಿಸಿಕೊಳ್ಳಲಿಕ್ಕೆ. "ಮಣ್ಣು ಮನೆಗೆ ಒಯ್ಯೋ ಹಾಗಿಲ್ಲ, ಸ್ವಾಮಿ." ವಿಲ್ಫ್ ಇರುವುದೇ ಹಾಗೆ. ಆಟ ಮುಗಿದರೆ ಎರಡೂ ತಂಡದವರ ಬೂಟು ಕೆರೆದು ಮಣ್ಣು ವಾಪಸು ಪಡೆಯುತ್ತಾನೆ. ಗೋಲಿನ ಬಳಿ ಯಾರಾದರೂ ಉಗಿದರೆ ಕ್ಷಮೆ ಕೇಳಿಸುತ್ತಾನೆ, ತನ್ನ ಹತ್ತಿರವಲ್ಲ, ನೆಲದ ಹತ್ತಿರ. ಹುಲ್ಲು ಕತ್ತರಿಸುತ್ತ ಅಲ್ಲಿ ನಿಂತು ಏನೋ ಹೇಳಿ, ಉತ್ತರಕ್ಕೆ ಕಾದು, ಆಮೇಲೆ ನಗುತ್ತಾನೆ. ಆಟ ಶುರುವಾದ ಮೇಲೆ ಬೇಸಿಲ್ ನೋಡಿದ: ಆ ಜಾಗಕ್ಕೆ ಬಂದ ಚೆಂಡು ಯಾರೂ ತಡೆಯದೆ ತಾನಾಗಿ ನಿಂತುಬಿಡುತ್ತಿತ್ತು. ಚಹಾದಂಗಡಿಯ ಡೋರೀನ್ ಲೋಟ ಕೊಡುತ್ತ ಹೇಳಿದಳು: "ವಿಲ್ಫನ ಹೆಂಡ್ತಿ ಎನಿಡ್ ಸತ್ತಾಗ ಅವಳ ಬೂದೀನ ಆ ಗೋಲಿನ ಮುಂದೇನೇ ಚೆಲ್ಲಿದ್ದು, ಕಣಪ್ಪ. ನೀನು ಬಿದ್ದಿದ್ದು ಅವಳ ಮೇಲೇನೇ. ಬೇಸಿಗೇಲಿ ಅದನ್ನೆಲ್ಲ ಅಗೆದೆಸೆದು ಪ್ಲಾಸ್ಟಿಕ್ ಹುಲ್ಲು ಹಾಸ್ತಾರಂತೆ." ಬೇಸಿಲ್ ಬಿಸಿ ಚಹಾವನ್ನು ಅಲ್ಲೇ ಇಟ್ಟ. ಮೆಲ್ಲಗೆ ಮುದುಕನ ಪಕ್ಕಕ್ಕೆ ಹೋಗಿ, "ಅಗೆಯೋಕೆ ಬಂದಾಗ ಏನು ಮಾಡ್ತೀರಿ?" ಎಂದು ಕೇಳಿದ. ವಿಲ್ಫ್ ಆಟದಿಂದ ಕಣ್ಣು ತೆಗೆಯಲಿಲ್ಲ. "ಬೆಳಗ್ಗೆ ಅವಳನ್ನೇ ಕೇಳ್ದೆ. ಆಟ ಮುಗೀಲಿ, ಹೇಳ್ತೀನಿ ಅಂದ್ಲು."