ಏಣಿ ಬಿದ್ದ ದಿನ ಸಿಕ್ಕ ಎಲೆಯ ತಟ್ಟೆ

ಶನಿವಾರ ಬೆಳಿಗ್ಗೆ ಎಂಟೂವರೆಗೆ ಲಿವರ್‌ಮೋರ್‌ನಿಂದ ಹೊರಟೆವು. ನಾನು, ಉಡುಪಿಯಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ ನನ್ನ ದೊಡ್ಡಮ್ಮ, ಒಂದು ಡಬ್ಬಿ ಅವಲಕ್ಕಿ. ಲಾಸ್ ಆಲ್ಟೋಸ್‌ನಲ್ಲಿ ಎಸ್ಟೇಟ್ ಸೇಲ್ ಇತ್ತು. ಮನೆ ಖಾಲಿ ಮಾಡುವವರು ಸಾಮಾನನ್ನೆಲ್ಲ ಇದ್ದಲ್ಲೇ ಮಾರುವ ಪದ್ಧತಿ ಅದು. ಅಲ್ಲಿಯ ಪುಟ್ಟ ತೇಗದ ಕಪಾಟೊಂದರ ಫೋಟೋ ನೋಡಿ ಆಸೆಪಟ್ಟಿದ್ದೆ. ಸುಮಾರು ನಲವತ್ತು ಮೈಲಿ.

ಸುನೋಲ್ ಗುಡ್ಡ ಇಳಿಯುವಾಗ ಮುಂದೆ ಹೋಗುತ್ತಿದ್ದ ಪಿಕಪ್ ಟ್ರಕ್ಕಿನಿಂದ ಅಲ್ಯೂಮಿನಿಯಂ ಏಣಿಯೊಂದು ಜಾರಿತು. ಫ್ರೀವೇ ಮೇಲೆ ಒಮ್ಮೆ ಪುಟಿದು, ಅಡ್ಡಕ್ಕೆ ತಿರುಗಿತು. ಅದನ್ನು ತಪ್ಪಿಸಲು ಹೋದ ಬಿಳಿ ಕಾರು ಗಿರ್ರನೆ ಸುತ್ತಿ ನಮಗೆ ಮುಖಮಾಡಿ ನಿಂತಿತು. ನಾನು ಬ್ರೇಕ್ ಒತ್ತಿದೆ. ಎರಡೂ ಕಾರುಗಳ ನಡುವೆ ಒಂದು ಮಂಚ ಹಾಕುವಷ್ಟು ಜಾಗ ಉಳಿದಿತ್ತು. ಯಾರಿಗೂ ಗಾಯವಾಗಲಿಲ್ಲ. ಇದನ್ನು ಬರೆಯುವಾಗಲೂ ಆ ಏಣಿ ಕಣ್ಣ ಮುಂದೆ ಪುಟಿಯುತ್ತದೆ. ಅದರ ಶಬ್ದ ಮಾತ್ರ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಗ್ಯಾಸ್ ಸ್ಟೇಷನ್ನಿನ ಪಕ್ಕ ಕಾರು ನಿಲ್ಲಿಸಿದೆ. ಕೀಲಿ ತೆಗೆದು ಪಕ್ಕಕ್ಕಿಟ್ಟೆ. ದೊಡ್ಡಮ್ಮನಿಗೆ ಕಾರು ಓಡಿಸಲು ಬರುವುದಿಲ್ಲ.

"ವಾಪಸ್ ಇದೇ ಗುಡ್ಡ ಹತ್ತಬೇಕು ದೊಡ್ಡಮ್ಮ. ನನ್ನ ಕೈಲಿ ಆಗಲ್ಲ."

"ಮೊದಲು ಅವಲಕ್ಕಿ ತಿನ್ನು. ಇಲ್ಲಿಯೇ ಮನೆ ಮಾಡಿ ಇರುವುದಾ ಅಂತ ಮತ್ತೆ ನೋಡುವ."

ಉಳಿದ ದಾರಿಯನ್ನು ಫ್ರೀವೇ ಬಿಟ್ಟು, ಊರೊಳಗಿನ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಸಾಗಿದೆವು. ಹನ್ನೊಂದಕ್ಕೆ ತಲುಪಿದಾಗ ಕಪಾಟು ಮಾರಿಹೋಗಿತ್ತು.

ಅಡಿಗೆಮನೆಯ ಮೇಜಿನ ಮೇಲೆ ಬಿಳಿ ಪಿಂಗಾಣಿ ತಟ್ಟೆಗಳಿದ್ದವು. ಅವುಗಳ ತುಂಬ ಹಸಿರು ಎಲೆಯ ಚಿತ್ರ. ಒಂದು ಎಲೆಯೊಳಗೆ ಗೆರೆ, ಇನ್ನೊಂದರಲ್ಲಿ ಚುಕ್ಕಿ, ಮತ್ತೊಂದರಲ್ಲಿ ಮೀನಿನ ಮುಳ್ಳಿನಂಥ ನರಗಳು. ನಾನು ಬಾಯಿ ತೆರೆದು ನೋಡುತ್ತಿದ್ದಾಗ ದೊಡ್ಡಮ್ಮ ಒಂದನ್ನು ಎತ್ತಿ ಬೋರಲು ಮಾಡಿದರು. ಮದುವೆಮನೆಗಳಲ್ಲಿ ಪಾತ್ರೆ ಅದಲುಬದಲಾಗದಂತೆ ಅಡಿಯಲ್ಲಿ ಕೊರೆದ ಹೆಸರು ನೋಡಿ ನೋಡಿ ಅವರಿಗೆ ರೂಢಿಯಾದ ಕೆಲಸ ಅದು.

"ಇದು ಬೇಡ ಮಾರಾಯ್ತಿ. ಯಾರದ್ದೋ ಮನೆಯ ತಟ್ಟೆ. ಅಡಿಯಲ್ಲಿ ಹೆಸರು ಉಂಟು. ಕೇಳಿಕೊಂಡು ಬಂದರೆ ಇವರು ಎಂತ ಹೇಳುವುದು?"

ಮಾರಾಟ ನೋಡಿಕೊಳ್ಳುತ್ತಿದ್ದ ಬಿಳಿಗೂದಲಿನ ಹೆಂಗಸಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನಗುತ್ತ ದೊಡ್ಡಮ್ಮನಿಗೊಂದು ಕುರ್ಚಿ ಎಳೆದಳು. ದೊಡ್ಡ ಅಕ್ಷರದ ಹೆಸರು ಸ್ವೀಡನ್ನಿನ ಒಬ್ಬ ವಿನ್ಯಾಸಕನದು, ಎರಡನೇ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಕಾರ್ಖಾನೆಯೊಂದರಲ್ಲಿ ಇಂಥವನ್ನು ಮಾಡುತ್ತಿದ್ದವನು, ಎಂದಳು. ಪಕ್ಕದ ಒಂಟಿ ಅಕ್ಷರ ಕುಂಚ ಹಿಡಿದು ಬಣ್ಣ ತುಂಬಿದ ಹುಡುಗಿಯ ಗುರುತು. ಆದ್ದರಿಂದಲೇ ಎರಡು ತಟ್ಟೆ ಒಂದೇ ಥರ ಇರುವುದಿಲ್ಲವಂತೆ. ಕಿಟಕಿಯ ಪರದೆಯೂ ಅವನ ವಿನ್ಯಾಸವೇ: ಸೌತೆಕಾಯಿಯ ದೋಣಿ, ಅದರಲ್ಲಿ ಟೋಪಿ ಹಾಕಿ ಕೂತ ಮೀನುಗಳು. ಇಂಜಿನಿಯರಿಂಗ್ ಓದುವಾಗ ನಾನೂ ಸಾವಿರಾರು ಗೆರೆ ಎಳೆದಿದ್ದೆ. ಗೆರೆಯೊಂದು ಇಷ್ಟು ಖುಷಿಯಾಗಿರಬಹುದೆಂದು ಗೊತ್ತಿರಲಿಲ್ಲ. ಒಂದೊಂದು ತಟ್ಟೆಯನ್ನೂ ತಿರುಗಿಸಿ ಆ ಹುಡುಗಿಯರ ಅಕ್ಷರ ಹುಡುಕುತ್ತ ಅರ್ಧ ಗಂಟೆ ಕಳೆದೆ. ಅಷ್ಟು ಹೊತ್ತು ಕಣ್ಣ ಮುಂದೆ ಏಣಿ ಬೀಳಲಿಲ್ಲ.

"ಕೆಲಸ ಮಾಡಿದವಳ ಹೆಸರನ್ನೂ ಹಾಕಿದ್ದಾರಾ?" ಎಂದರು ದೊಡ್ಡಮ್ಮ. "ಹಾಗಾದರೆ ತಕೊ."

ಮೂವತ್ತು ಡಾಲರಿಗೆ ಒಂದು ದೊಡ್ಡ ತಟ್ಟೆ ಕೊಂಡೆ. ಹೊರಡುವಾಗ ದೊಡ್ಡಮ್ಮ ಅದನ್ನು ಶಾಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡರು. "ನಿಧಾನಕ್ಕೆ ಹೋಗು. ನನಗಲ್ಲ, ಇದಕ್ಕೆ."

ಗುಡ್ಡದ ಬುಡದಲ್ಲಿ ಬಲಗಡೆಯ ಲೇನ್ ಹಿಡಿದು ಫ್ರೀವೇ ಸೇರಿದೆ. ಅರ್ಧ ಹತ್ತುವಷ್ಟರಲ್ಲಿ, ಆಚೆ ಬದಿಯ ಅಂಚಿನಲ್ಲಿ ಏಣಿ ಬಿಸಿಲಿಗೆ ಹೊಳೆಯುತ್ತ ಬಿದ್ದಿದ್ದು ಕಂಡಿತು. ನನ್ನ ಬೆರಳುಗಳು ಸ್ಟಿಯರಿಂಗನ್ನು ಬಿಗಿಹಿಡಿದವು.

"ಅದರ ಅಡಿಯಲ್ಲಿ ಹೆಸರು ಉಂಟಾ ಅಂತ ಯಾರೂ ನೋಡಲಿಲ್ಲವಾ?" ಎಂದರು ದೊಡ್ಡಮ್ಮ.

ಎಷ್ಟು ನಕ್ಕೆನೆಂದರೆ, ಬೆರಳು ಸಡಿಲವಾದದ್ದು ಗುಡ್ಡದ ತುದಿ ದಾಟಿದ ಮೇಲೆಯೇ ತಿಳಿಯಿತು. ಆಗ ಒಮ್ಮೆ ಕನ್ನಡಿಯಲ್ಲಿ ಹಿಂದೆ ನೋಡಿದೆ. ಕಾರುಗಳು ಒಂದರ ಹಿಂದೊಂದು ತಮ್ಮ ಪಾಡಿಗೆ ಹತ್ತಿ ಬರುತ್ತಿದ್ದವು.